ಪಾದ್ರಿಯ ಮನೆಯ ಕಾಗದಗಳು

ಪರರ ಕಾಗದ ಓದಬಾರದು ಎಂದು ಹೇಳಿಕೊಟ್ಟೇ ನಮ್ಮನ್ನೆಲ್ಲ ಬೆಳೆಸಿದರು. ಅಚ್ಚಾಗಿ ಬಂದ ಕಾಗದಗಳ ಮಾತು ಬೇರೆ. ರಾಬರ್ಟ್ ಮ್ಯಾನ್ಸನ್ ಮೈಯರ್ಸ್ 1972ರಲ್ಲಿ ಸಂಪಾದಿಸಿದ 'ದಿ ಚಿಲ್ಡ್ರನ್ ಆಫ್ ಪ್ರೈಡ್' ಗ್ರಂಥದಲ್ಲಿರುವುದು ಒಂದು ಮನೆತನದ ಪತ್ರಗಳು. ಅಮೆರಿಕದ ಜಾರ್ಜಿಯಾದ ಲಿಬರ್ಟಿ ಕೌಂಟಿಯ ಪಾದ್ರಿ ಚಾರ್ಲ್ಸ್ ಕಾಲ್ಕಾಕ್ ಜೋನ್ಸ್, ಹೆಂಡತಿ ಮೇರಿ, ಮೂವರು ಮಕ್ಕಳು ಮತ್ತು ಬಂಧುಗಳು 1854ರಿಂದ 1868ರವರೆಗೆ ಬರೆದುಕೊಂಡವು. ಮರುವರ್ಷವೇ ಅದಕ್ಕೆ ಅಲ್ಲಿನ ರಾಷ್ಟ್ರೀಯ ಪುಸ್ತಕ ಪ್ರಶಸ್ತಿ ಬಂತು.

ಮೇರಿಯ ಪತ್ರಗಳನ್ನು ಹಿಡಿದರೆ ಬಿಡಲು ಮನಸ್ಸಾಗದು. ಜ್ವರ, ಬೆಳೆ, ದೂರದ ಮಗನ ಆರೋಗ್ಯ, ಪ್ರಾರ್ಥನೆ, ಎಲ್ಲದರಲ್ಲೂ ತಾಯಿಯ ಅಕ್ಕರೆ. ಅದೇ ಈ ಪುಸ್ತಕದ ಅಪಾಯವೂ ಹೌದು. ಮೂರು ಎಸ್ಟೇಟುಗಳಲ್ಲಿ ನೂರಕ್ಕೂ ಹೆಚ್ಚು ಗುಲಾಮರಿದ್ದ ಮನೆ ಅದು. ಪತ್ರಗಳಲ್ಲಿ ಅವರು 'ಸೇವಕರು'. ಸ್ವಲ್ಪ ಓದುವಷ್ಟರಲ್ಲಿ ನಾವೂ ಹಾಗೇ ಅನ್ನತೊಡಗುತ್ತೇವೆ.

ಜೋನ್ಸ್ ಕಟುಕನೇನಲ್ಲ. ಪ್ರಿನ್ಸ್‌ಟನ್‌ನಲ್ಲಿ ಓದುವಾಗ, ಗುಲಾಮಗಿರಿ ಅನ್ಯಾಯವೆಂದು ಮುಂದೆ ಮದುವೆಯಾಗಲಿದ್ದ ಮೇರಿಗೆ ಬರೆದವನು. ಊರಿಗೆ ಮರಳಿದ ಮೇಲೆ ಆ ಸಂಕಟ ಗುಲಾಮರಿಗೆ ಧರ್ಮಬೋಧನೆಯಾಗಿ ತಿರುಗಿತು. ಅವರಿಗೆಂದೇ ಪ್ರಶ್ನೋತ್ತರದ ಪಾಠಪುಸ್ತಕ ಬರೆದ, ಬಾಯಿಪಾಠಕ್ಕೆ ಮಾತ್ರ. ಗುಲಾಮರಿಗೆ ಓದು ಕಲಿಸುವುದನ್ನು ಜಾರ್ಜಿಯಾ 1829ರಲ್ಲೇ ಕಾನೂನು ಮಾಡಿ ತಡೆದಿತ್ತು. ಅಕ್ಷರ ಬಾರದ ಮಗುವಿನ ಬೆರಳು ಹಿಡಿದು ಸ್ಲೇಟಿನ ಮೇಲೆ ತಿದ್ದಿಸುವುದನ್ನೇ ಕಸುಬು ಮಾಡಿಕೊಂಡ ನನಗೆ, ವಿದ್ಯಾರ್ಥಿಗೆ ಅಕ್ಷರ ತಾಗದಂತೆ ಎಚ್ಚರವಹಿಸುವ ಪಾಠಪುಸ್ತಕ ಎಂದರೆ ಹೊಟ್ಟೆಯಲ್ಲಿ ಒಂಥರಾ ಸಂಕಟ.

1856ರಲ್ಲಿ ಜೇನ್ ಎಂಬ ಹುಡುಗಿ ಸವಾನಾ ಪಟ್ಟಣಕ್ಕೆ ಓಡಿಹೋಗಿ ಸಿಕ್ಕಿಬಿದ್ದಳು. ಪಾದ್ರಿ ಅವಳ ತಾಯಿ ಫೀಬಿ, ತಂದೆ ಕ್ಯಾಸಿಯಸ್ ಸಹಿತ ಸಂಸಾರವನ್ನೇ ಮಾರಲು ನಿರ್ಧರಿಸಿದ. ಅದರಲ್ಲೂ ಧರ್ಮಸೂಕ್ಷ್ಮ ನೋಡಿ: ಸಂಸಾರ ಒಡೆಯಬಾರದು, ದಲ್ಲಾಳಿಗಳ ಕೈಗೆ ಹೋಗಬಾರದು. ಆದರೆ ಅವರು ತಲುಪಿದ್ದು ನ್ಯೂ ಆರ್ಲಿಯನ್ಸಿನ ಸಂತೆಗೆ. 1857ರ ಮಾರ್ಚಿನಲ್ಲಿ ಅಲ್ಲಿಂದ ಫೀಬಿ, ಕ್ಯಾಸಿಯಸ್ ಹೆಸರಿನಲ್ಲಿ ಊರಿಗೆ ಒಂದು ಕಾಗದ ಬಂತು. ಮಗಳು ಕ್ಲಾರಿಸಾ, ನ್ಯಾನ್ಸಿ, ಎಲ್ಲರಿಗೂ ಕ್ಷೇಮಸಮಾಚಾರ ಹೇಳಿ ಎಂಬ ಕಾಗದ. ಆ ಕಾಗದವೂ ಇದೇ ಮನೆತನದ ಕಡತದಲ್ಲಿ ಉಳಿದಿದೆ.

ಈ ಕಡತದಿಂದಲೇ ಇನ್ನೊಂದು ಪುಸ್ತಕ ಹುಟ್ಟಿತು: 2005ರ 'ಡ್ವೆಲಿಂಗ್ ಪ್ಲೇಸ್'. ಬರೆದವರು ಅರ್ಸ್ಕಿನ್ ಕ್ಲಾರ್ಕ್. ಜೋನ್ಸ್ ಒಮ್ಮೆ ಪಾಠ ಹೇಳಿದ್ದ ಧರ್ಮಶಾಸ್ತ್ರ ಕಾಲೇಜಿನಲ್ಲೇ ಇವರೂ ಪ್ರಾಧ್ಯಾಪಕರಾಗಿದ್ದರು. ಕಥೆ ಶುರುವಾಗುವುದು ಯಜಮಾನನಿಂದಲ್ಲ. 1805ರ ಒಂದು ಬೆಳಗ್ಗೆ ಶಂಖ ಊದಿ ಆಳುಗಳನ್ನು ಎಬ್ಬಿಸುವ ಜ್ಯೂಪಿಟರ್ ಎಂಬ ಮುದುಕ ಗುಲಾಮನಿಂದ. ಪತ್ರಗಳಲ್ಲಿ ಹೆಸರಷ್ಟೇ ಆಗಿದ್ದವರಿಗೆ ಇಲ್ಲಿ ಅಪ್ಪ, ಅಮ್ಮ, ಅಜ್ಜಿ, ಬೀಗರು ಸಿಗುತ್ತಾರೆ. ದಾಖಲೆ ಸಾಲದ ಕಡೆ 'ಹೀಗಿದ್ದಿರಬಹುದು' ಎನ್ನುವುದು ಕ್ಲಾರ್ಕರಲ್ಲಿ ಸ್ವಲ್ಪ ಹೆಚ್ಚೇ ಆಯಿತು ಎನಿಸುತ್ತದೆ. ಗುಲಾಮರ ಮನಸ್ಸನ್ನು ಅವರ ಬಾಯಿಂದಲೇ ಕೇಳಲು ಫೀಬಿಯದರಂಥ ಕಾಗದ ಎಷ್ಟು ಉಳಿದಾವು? ಆ ಊಹೆಗಳನ್ನು ನಾನು ಸಹಿಸಿಕೊಂಡೆ.

ಮೊದಲು ಕ್ಲಾರ್ಕ್, ಆಮೇಲೆ ಮೈಯರ್ಸ್, ಈ ಕ್ರಮದಲ್ಲಿ ಓದುವುದು ಒಳ್ಳೆಯದು. ಆಗ ಮೇರಿಯ ಕೊನೆಯ ಪತ್ರಗಳು ಬೇರೆಯಾಗಿ ಕೇಳಿಸುತ್ತವೆ. ಗಂಡ 1863ರಲ್ಲಿ ತೀರಿಕೊಂಡ, ಯುದ್ಧ ಮುಗಿಯಿತು, ಗುಲಾಮರು ಸ್ವತಂತ್ರರಾದರು. 1868ರಲ್ಲಿ ಆಕೆ ಮನೆ ಬಿಟ್ಟು ಮಗಳ ಆಸರೆಗೆ ಹೊರಟಳು. ಮಗಳಿದ್ದದ್ದು ನ್ಯೂ ಆರ್ಲಿಯನ್ಸಿನಲ್ಲಿ.