ಅಂಗಳಕ್ಕಿಳಿದ ಗುರು: 1884ರ ರೋಮ್ ಪತ್ರದ ವಿಮರ್ಶೆ

ಸಂತ ಜಾನ್ ಬೋಸ್ಕೊ ಅವರ ಶಿಕ್ಷಣದೃಷ್ಟಿಯನ್ನು ಅರಿಯಲು 1877ರ ‘ನಿವಾರಣಾ ಪದ್ಧತಿ’ ಎಂಬ ಕಿರುಪ್ರಬಂಧವೊಂದೇ ಸಾಲದು. ವಿವೇಕ, ಧರ್ಮ, ವಾತ್ಸಲ್ಯಗಳನ್ನು ಆಧಾರವಾಗಿ ಹೇಳುವ ಅದು, ಹುಡುಗರು ಸದಾ ಹಿರಿಯರ ಕಣ್ಣೆದುರಿಗಿರಬೇಕೆಂದೂ ಬಯಸುತ್ತದೆ. ಇಷ್ಟನ್ನೇ ಹಿಡಿದರೆ ಒಡನಾಟವು ಕಾವಲಾಗಿಬಿಡುತ್ತದೆ.

1884ರ ಮೇ 10ರ ರೋಮ್ ಪತ್ರ ಈ ಅಪಾಯವನ್ನು ತಡೆಯುತ್ತದೆ. ಕಾರ್ಯದರ್ಶಿ ಲೆಮೊಯ್ನೆ ಬರೆದುಕೊಟ್ಟ ಈ ಪತ್ರದ ಕನಸಿನಲ್ಲಿ ಎರಡು ಆಟದಂಗಳಗಳಿವೆ. ಒಂದರಲ್ಲಿ ಗುರುಗಳು ಹುಡುಗರೊಡನೆ ಬೆರೆತಿದ್ದಾರೆ; ಇನ್ನೊಂದರಲ್ಲಿ ಬಹುಮಂದಿ ದೂರವಾಗಿದ್ದಾರೆ, ಹುಡುಗರಲ್ಲಿ ಬೇಸರ, ಸಂಸ್ಕಾರಗಳಲ್ಲಿ ನಿರಾಸಕ್ತಿ. ಪತ್ರದ ನಿದಾನ ಸ್ಪಷ್ಟ: ಪ್ರೀತಿಸಿದರೆ ಸಾಲದು, ತಾವು ಪ್ರೀತಿಪಾತ್ರರೆಂಬುದು ಅವರಿಗೆ ತಿಳಿಯಬೇಕು. ಸಲುಗೆಯಿಂದ ಪ್ರೀತಿ, ಪ್ರೀತಿಯಿಂದ ಭರವಸೆ. ಶೀಲಕ್ಕೆ ನಿಯಮಾವಳಿ ಬೇಲಿಯಾಗಬಲ್ಲದು, ಬೇರಾಗಲಾರದು.

ಆದರೂ ಪತ್ರಕ್ಕೆ ಮಿತಿಯುಂಟು. ಅದರ ಮುಂದಿದ್ದವರು ಬಾಲಕರು, ಕಿಶೋರರು. ಗುರುಮಠದ ಇಪ್ಪತ್ತೈದರ ಯುವಕನಾದರೋ ನಾಳೆ ಧರ್ಮಕೇಂದ್ರದಲ್ಲಿ ಒಬ್ಬನೇ ನಿಲ್ಲಬೇಕಾದವನು. ಅಲ್ಲದೆ, ತನ್ನ ಬಗ್ಗೆ ವರದಿ ಬರೆಯುವವರ ಸಲುಗೆಯನ್ನು ಅವನು ಅಷ್ಟು ಸುಲಭವಾಗಿ ನಂಬಲಾರ. ಸಾನ್ನಿಧ್ಯದ ಜೊತೆಗೆ ಸ್ವಾತಂತ್ರ್ಯವನ್ನೂ ಅವನಿಗೆ ಕೊಡಬೇಕಾಗುತ್ತದೆ. ಆ ಬಗ್ಗೆ ಪತ್ರ ಹೆಚ್ಚೇನೂ ಹೇಳುವುದಿಲ್ಲ.

ಎಮ್ಮಾವುಸಿನ ದಾರಿಯಲ್ಲಿ ಪ್ರಭು ಶಿಷ್ಯರ ಜೊತೆ ನಡೆದರು, ಅವರ ಅಳಲಿಗೆ ಕಿವಿಗೊಟ್ಟರು, ರೊಟ್ಟಿ ಮುರಿದರು, ಬಳಿಕ ಮರೆಯಾದರು. ಶಿಷ್ಯರು ತಾವಾಗಿಯೇ ಆ ರಾತ್ರಿ ಜೆರುಸಲೇಮಿಗೆ ಮರಳಿದರು. ಜೊತೆಗೆ ನಡೆಯುವುದನ್ನು ರೋಮ್ ಪತ್ರ ನಮಗೆ ಚೆನ್ನಾಗಿ ಕಲಿಸುತ್ತದೆ. ತಕ್ಕ ಸಮಯದಲ್ಲಿ ಮರೆಯಾಗುವುದನ್ನು ಶುಭಸಂದೇಶದಿಂದಲೇ ಕಲಿಯಬೇಕು.