ಕಡಲ ಕಾಳಗದ ಸ್ಮರಣೆಗಳು

ನಿವೃತ್ತರಾದ ನೌಕಾಧಿಕಾರಿಗಳು ಬರೆದ ಸ್ಮರಣೆಗಳನ್ನು ಓದುವಾಗ ವಿಮರ್ಶಕನು ಕೇಳತಕ್ಕ ಮೊದಲ ಪ್ರಶ್ನೆ, ಅವರು ಗೆಲವನ್ನು ಎಷ್ಟು ಸೊಗಸಾಗಿ ವರ್ಣಿಸಿದ್ದಾರೆಂಬುದಲ್ಲ. ನಷ್ಟವನ್ನು ಯಾವ ಬಗೆಯಾಗಿ ಹೇಳಿದ್ದಾರೆಂಬುದು. 1971ರ ಯುದ್ಧದಲ್ಲಿ ಪಶ್ಚಿಮ ಸಮುದ್ರದ ಮೇಲೆ ನಡೆದುದನ್ನು ಕುರಿತ ನಾಲ್ಕು ಇಂಗ್ಲಿಷ್ ಗ್ರಂಥಗಳನ್ನು ಈ ದೃಷ್ಟಿಯಿಂದ ನೋಡಬಹುದು.

ಆ ವರ್ಷದ ಡಿಸೆಂಬರ್ 4ರ ರಾತ್ರಿ ನಿಪಾತ, ನಿರ್ಘಾತ, ವೀರ ಎಂಬ ನಮ್ಮ ಮೂರು ಸಣ್ಣ ಕ್ಷಿಪಣಿ ನೌಕೆಗಳು ಕರಾಚಿಯ ಸಮೀಪಕ್ಕೆ ಹೋಗಿ ಪಾಕಿಸ್ತಾನದ ಖೈಬರ್, ಮುಹಾಫಿಜ್ ಎಂಬ ಯುದ್ಧನೌಕೆಗಳನ್ನು ಮುಳುಗಿಸಿದುವು. ಬಂದರಿನ ಕಾವಲಿಗೆಂದು ಕಟ್ಟಿದ ಜಾತಿಯ ನೌಕೆಗಳನ್ನು ಶತ್ರುವಿನ ಬಂದರಿಗೇ ಕಳುಹಿಸಿದುದು ಅಂದಿನ ಸಾಹಸ. ಕಾರವಾರದ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಲ್ಲಿಸಿರುವ ಚಪಲವನ್ನು ಕಂಡ ವಾಚಕರಿಗೆ ಇವುಗಳ ಗಾತ್ರವು ವೇದ್ಯವಾದೀತು. ಅದು ತರುವಾಯ ಬಂದ ಅದೇ ಜಾತಿಯ ನೌಕೆ. ಐದು ದಿನಗಳ ಮೇಲೆ, 9ರ ರಾತ್ರಿ, ದೀವ್‌ನ ಆಚೆ ಹಂಗೋರ್ ಎಂಬ ಪಾಕಿಸ್ತಾನದ ಜಲಾಂತರ್ನೌಕೆಯು ನಮ್ಮ ಖುಕ್ರಿಯನ್ನು ಮುಳುಗಿಸಿತು. 18 ಮಂದಿ ಅಧಿಕಾರಿಗಳೂ 176 ಮಂದಿ ನಾವಿಕರೂ ಮಡಿದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರು ತಮ್ಮ ನೌಕೆಯನ್ನು ಬಿಟ್ಟು ಬರಲಿಲ್ಲ.

ಅಂದು ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ನಂದಾ ಅವರ ಆತ್ಮಕಥೆ 2004ರಲ್ಲಿ ಹೊರಬಂದಿತು. ಕರಾಚಿಯ ಮನೋರಾ ದ್ವೀಪದಲ್ಲಿ ಆಡಿ ಬೆಳೆದವರೇ ಆ ಬಂದರಿನ ಮೇಲೆ ದಾಳಿಗೆ ಆಜ್ಞೆ ಕೊಡಬೇಕಾಯಿತು. ಇಂತಹ ಸಂಗತಿಯ ಒಳಮರ್ಮವನ್ನು ಸ್ಮರಣೆಯು ಮಾತ್ರ ಮುಟ್ಟಬಲ್ಲುದು. ದಫ್ತರದ ಚರಿತ್ರೆಗೆ ಅದು ನಿಲುಕದು. ಆದರೆ ಗ್ರಂಥಕ್ಕೆ ‘ಕರಾಚಿಗೆ ಬಾಂಬು ಹಾಕಿದ ಮನುಷ್ಯ’ ಎಂಬರ್ಥದ ಹೆಸರಿಟ್ಟುದು ಅನೇಕರ ಕಾರ್ಯವನ್ನು ಏಕವಚನಕ್ಕೆ ಇಳಿಸಿದಂತಾಯಿತು. ಪಶ್ಚಿಮ ನೌಕಾವಿಭಾಗದ ಅಧಿಪತಿಗಳಾಗಿದ್ದ ಅಡ್ಮಿರಲ್ ಕೊಹ್ಲಿ ಅವರು 1989ರ ತಮ್ಮ ಗ್ರಂಥವನ್ನು ‘ವಿ ಡೇರ್ಡ್’, ಎಂದರೆ ‘ನಾವು ಧೈರ್ಯಮಾಡಿದೆವು’ ಎಂದು ಕರೆದರು. ಈ ಬಹುವಚನವು ಉದಾರವಾದುದು. ಆದರೂ ಗೆಲವಿನಲ್ಲಿ ಒಪ್ಪುವ ‘ನಾವು’ ನಷ್ಟದಲ್ಲಿ ತೊಡಕಾಗುತ್ತದೆ. ಜಲಾಂತರ್ನೌಕೆಯ ಬೇಟೆಗೆ ಹೋದ ಖುಕ್ರಿಯು ಮಂದಗತಿಯಿಂದ ಸಾಗುತ್ತಿದ್ದುದೇಕೆ, ಅದರ ಧ್ವನಿಶೋಧಕವು ಆ ಬೇಟೆಗೆ ಸಾಕಾಗಿತ್ತೆ ಎಂಬ ಪ್ರಶ್ನೆಗಳಿಗೆ ‘ನಾವು’ ಎಂಬುದು ಉತ್ತರವಾಗಲಾರದು.

ವೈಸ್ ಅಡ್ಮಿರಲ್ ಹಿರಾನಂದಾನಿ ಅವರು 2000ದಲ್ಲಿ ಪ್ರಕಟಿಸಿದ, 1965ರಿಂದ 1975ರ ವರೆಗಿನ ನೌಕಾಪಡೆಯ ಚರಿತ್ರೆ ನನಗೆ ಹೆಚ್ಚು ಮೆಚ್ಚಿಗೆಯಾಯಿತು. ಮೈಸೂರು ಎಂಬ ನೌಕೆಯು ಪಶ್ಚಿಮ ನೌಕಾಬಳಗದ ಧ್ವಜನೌಕೆಯಾಗಿದ್ದಾಗ ಇವರೇ ಆ ಬಳಗದ ಕಾರ್ಯಾಚರಣೆಯ ಅಧಿಕಾರಿಗಳು. ಹೀಗಿದ್ದೂ ತಮ್ಮ ನೆನಪೊಂದನ್ನೇ ಪ್ರಮಾಣವೆನ್ನದೆ, ಭಾಗವಹಿಸಿದ ಇತರರ ಮಾತುಗಳನ್ನೂ ಪಾಕಿಸ್ತಾನದವರ ಬರಹಗಳನ್ನೂ ಎದುರಿಗಿಟ್ಟಿದ್ದಾರೆ. ಶೈಲಿಯಲ್ಲಿ ರಸವಿಲ್ಲವೆಂದು ಕೆಲವರು ದೂರಬಹುದು; ಸಾಕ್ಷಿಗಳನ್ನು ಕೂಡಿಸುವವನಿಗೆ ಆ ಸಂಯಮವೇ ಭೂಷಣ.

ನಾಲ್ಕನೆಯದು 2006ರಲ್ಲಿ ಬಂದ, ಖುಕ್ರಿಯಿಂದ ಉಳಿದು ಬಂದವರ ಕಥನ. ಅದನ್ನು ಸಂಗ್ರಹಿಸಿದವರು ಭೂಸೈನ್ಯದ ಮೇಜರ್ ಜನರಲ್ ಕಾರ್ಡೋಜೊ ಎಂಬುದು ಗಮನಾರ್ಹ. ಉನ್ನತ ಪದವಿಯಿಂದ ಬರೆದ ಗ್ರಂಥಗಳಲ್ಲಿ ಎಣಿಕೆಯಾಗಿ ನಿಲ್ಲುವ ಮರಣವು ಇಲ್ಲಿ ನೀರಿನಲ್ಲಿ ಕೈಯಾಡಿಸಿದವರ ಅನುಭವವಾಗಿ ಬರುತ್ತದೆ.

ಮಡಿದವರಲ್ಲಿ ಅಧಿಕಾರಿಗಳು 18, ನಾವಿಕರು 176; ಗ್ರಂಥಕರ್ತರ ಪಂಕ್ತಿಯಲ್ಲಾದರೋ ನಾವಿಕರು ಕಾಣುವುದೇ ಅಪೂರ್ವ. ಇದೇ ಈ ಸಾಹಿತ್ಯದ ದೊಡ್ಡ ಕೊರತೆ. ನಮ್ಮ ಕರಾವಳಿಯಿಂದ ನೌಕಾಪಡೆಗೆ ಸೇರಿ, ದುಡಿದು, ಊರಿಗೆ ಮರಳಿದವರಿದ್ದಾರೆ. ಅವರು ಕನ್ನಡದಲ್ಲಿ ಹೇಳುವುದನ್ನು ಬರೆದಿಟ್ಟುಕೊಳ್ಳುವುದು ನಮ್ಮಂತಹ ಸಂಘಗಳಿಗೆ ತಕ್ಕ ಕೆಲಸ. ಮುಪ್ಪು ಯಾರಿಗಾಗಿಯೂ ಕಾಯುವುದಿಲ್ಲ. ಈ ಕೆಲಸವನ್ನು ಈಗಲೇ ಕೈಗೊಳ್ಳತಕ್ಕದ್ದು.