ಆಟಿಕೆ ಇಟ್ಟಿಗೆಯ ಸೇತುವೆ ಕಲಿಸುವುದೇನು?

ಲೆಗೊ ಇಟ್ಟಿಗೆಗಳಿಂದ ಸೇತುವೆ ಕಟ್ಟಿಸಿ, ಹೆಚ್ಚು ಭಾರ ಹೊತ್ತದ್ದಕ್ಕೆ ಬಹುಮಾನ ಕೊಡುವ ಸ್ಪರ್ಧೆಗಳನ್ನು ನೀವು ನೋಡಿರಬಹುದು. ಮಕ್ಕಳ ಉತ್ಸಾಹ ಮೆಚ್ಚತಕ್ಕದ್ದೇ. ಭಾರವನ್ನಷ್ಟೇ ಅಳೆಯುವ ಕ್ರಮದ ಬಗ್ಗೆ ಮಾತ್ರ ನನ್ನ ತಕರಾರು.

ತೊಲೆಯ ನಡುವೆ ಭಾರವಿಟ್ಟಾಗ ಅದರ ಮೇಲ್ಭಾಗ ಅದುಮಿಕೆಗೂ ಕೆಳಭಾಗ ಎಳೆತಕ್ಕೂ ಒಳಗಾಗುತ್ತದೆ. ಲೆಗೊದಲ್ಲಿ ಒಂದು ಇಟ್ಟಿಗೆಯ ಗುಬುಟುಗಳು ಮೇಲಿನ ಇಟ್ಟಿಗೆಯ ತಳದೊಳಗೆ ಬಿಗಿಯಾಗಿ ಸಿಕ್ಕಿ, ಘರ್ಷಣೆಯಿಂದ ಹಿಡಿದಿರುತ್ತವೆ. ಅಕ್ಕಪಕ್ಕದ ಇಟ್ಟಿಗೆಗಳ ನಡುವೆ ಯಾವ ಹಿಡಿತವೂ ಇಲ್ಲ. ಆದ್ದರಿಂದ ಪ್ಲಾಸ್ಟಿಕ್ ಮುರಿಯುವ ಬಹಳ ಮೊದಲೇ ಕೆಳಸಾಲಿನ ಜೋಡಣೆ ಬಿಚ್ಚಿಕೊಳ್ಳುತ್ತದೆ. ಎಲ್ಲಿ ಬಿಚ್ಚಿತು, ಅಲ್ಲೇ ಏಕೆ ಎಂದು ಕೇಳದೆ ಇಟ್ಟಿಗೆಗಳನ್ನು ಬಾಚಿ ಡಬ್ಬಿಗೆ ತುಂಬಿದರೆ ಪಾಠವೂ ಡಬ್ಬಿ ಸೇರಿತು!

ಗಾತ್ರದ ಪ್ರಶ್ನೆಯೂ ಇದೆ. ಇದನ್ನು ಗೆಲಿಲಿಯೊ 1638ರಲ್ಲೇ ಚರ್ಚಿಸಿದ್ದ. ಮಾದರಿಯ ಉದ್ದ, ಅಗಲ, ಎತ್ತರಗಳನ್ನು 100 ಪಟ್ಟು ಹಿಗ್ಗಿಸಿ. ತೂಕ 10 ಲಕ್ಷ ಪಟ್ಟಾಗುತ್ತದೆ, ಅಡ್ಡಛೇದದ ವಿಸ್ತೀರ್ಣ 10,000 ಪಟ್ಟು ಮಾತ್ರ. ಅಂದರೆ ಸ್ವಂತ ತೂಕದಿಂದಲೇ ಪ್ರತಿ ಚದರ ಸೆಂಟಿಮೀಟರಿನ ಹೊರೆ 100 ಪಟ್ಟು! ಒಂಬತ್ತನೆಯ ತರಗತಿಯವರಿಗೂ ಎಟಕುವ ಲೆಕ್ಕ; ಬಹುಮಾನದ ಗಡಿಬಿಡಿಯಲ್ಲಿ ಇದಕ್ಕೆ ಸಮಯ ಸಿಗುವುದಿಲ್ಲ.

ನೀವು ಶಿಕ್ಷಕರಾಗಿದ್ದರೆ ಹೀಗೆ ಮಾಡಿ: ಭಾರ ಇಡುವ ಮೊದಲೇ ಪ್ರತಿ ತಂಡವೂ ಸೇತುವೆ ಬಿಚ್ಚಿಕೊಳ್ಳುವ ಜಾಗವನ್ನು ಊಹಿಸಿ, ಕಾರಣ ಬರೆದು, ಸೀಮೆಸುಣ್ಣದಿಂದ ಗುರುತು ಹಾಕಲಿ. ಅರ್ಧ ಅಂಕ ಆ ಗುರುತಿಗಿರಲಿ.